ಕಾಂಕಾರ್ಡ್ ಅಲ್ಲ ಮಾರಾಯ್ರೆ, ಅದು ರಷ್ಯಾದ್ದು

ಪ್ರಶ್ನೆ: ಮಾವನ ಹಳೇ ಟ್ರಂಕಲ್ಲಿ ಒಂದು ಫೋಟೋ ಸಿಕ್ತು, ಬಿಳಿ ವಿಮಾನ, ಮೂತಿ ಕೆಳಗೆ ಬಾಗಿದೆ, ಹಿಂದೆ 'ಪ್ಯಾರಿಸ್ 1973' ಅಂತ ಬರ್ದಿದ್ದಾರೆ. ಮನೇಲಿ ಎಲ್ರೂ ಕಾಂಕಾರ್ಡ್ ಅಂತಾರೆ, ಹೌದಾ?
– ಓದುಗರು, ಬದಿಯಡ್ಕ

ಉತ್ತರ: ನೀವು ಕಳ್ಸಿದ ಪ್ರತಿಯಲ್ಲಿ ಕಾಕ್‌ಪಿಟ್ ಹಿಂದೆ ಮೇಲ್ಗಡೆ ನೋಡಿ, ಎರಡು ಸಣ್ಣ ರೆಕ್ಕೆ ಉಂಟಲ್ಲ, ಮೊಲದ ಕಿವಿ ಹಾಗೆ? ಅದು ಕಾಂಕಾರ್ಡಿಗೆ (ಬ್ರಿಟನ್-ಫ್ರಾನ್ಸ್ ಸೇರಿ ಮಾಡಿದ, ಶಬ್ದಕ್ಕಿಂತ ವೇಗದ ಪ್ರಯಾಣಿಕ ವಿಮಾನ) ಇಲ್ವೇ ಇಲ್ಲ. ಇದು ಸೋವಿಯತ್ತಿನ ಅದೇ ಥರದ ವಿಮಾನ, ಟುಪೊಲೆವ್ ಟಿಯು-144, ಕಾಂಕಾರ್ಡಿಗಿಂತ ಎರಡು ತಿಂಗಳು ಮೊದ್ಲೇ, 1968ರ ಡಿಸೆಂಬರ್ 31ಕ್ಕೆ ಹಾರಿದ್ದು. ಆ ಕಿವಿಗಳು ನಿಧಾನಕ್ಕೆ ಹಾರುವಾಗ ಮುಂಭಾಗ ಎತ್ತಿ ಹಿಡಿಯೋಕೆ, ಸ್ಪೀಡಾದ್ಮೇಲೆ ಮಡ್ಚಿ ಒಳಗೆ ಹೋಗ್ತವೆ, ಮೂತಿ ಬಾಗೋದು ಪೈಲಟಿಗೆ ರನ್‌ವೇ ಕಾಣ್ಲಿ ಅಂತ.

ಬಾಲದ ಹತ್ರ 77102 ಅಂತ ಓದ್ಲಿಕ್ಕಾದ್ರೆ ಫೋಟೋ ಜೋಪಾನ. 1973ರ ಜೂನ್ 3ಕ್ಕೆ ಪ್ಯಾರಿಸ್ ಹತ್ರದ ಲೆ ಬೂರ್ಜೆ ಏರ್‌ಶೋದಲ್ಲಿ ಅದೇ ವಿಮಾನ ಜನರ ಕಣ್ಣೆದುರೇ ಕಡಿದಾಗಿ ಮೇಲೇರಿ, ಆಮೇಲೆ ಕೆಳಗೆ ನುಗ್ಗಿ ಗಾಳಿಯಲ್ಲೇ ಮುರಿದು ಗೂಸಾಂವಿಲ್ ಊರಿನ ಮನೆಗಳ ಮೇಲೆ ಬಿತ್ತು, ಒಳಗಿದ್ದ 6 ಜನ, ಕೆಳಗೆ 8 ಜನ ಹೋದ್ರು. ಫೋಟೋ ತೆಗೀತಿದ್ದ ಫ್ರೆಂಚ್ ಯುದ್ಧವಿಮಾನ ಮಿರಾಜ್ ಅಡ್ಡ ಬಂತು ಅಂತ ಒಂದು ವಾದ, ಪೈಲಟ್ ಹೆಚ್ಚೇ ಸಾಹಸ ಮಾಡಿದ ಅಂತ ಇನ್ನೊಂದು. ತನಿಖೆಯಲ್ಲಿ ಖಚಿತ ಕಾರಣ ಹೊರಬರ್ಲೇ ಇಲ್ಲ.

ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ, ನಮ್ಮ ಮಳೆಗಾಲದ ತೇವಕ್ಕೆ ಒಳಗೇ ಬೂಸ್ಟು ಹಿಡೀತದೆ.