ಚೀಟಿಯಲ್ಲಿ ಬರೆದ ಕೊರೊನಾ ಯಾವುದು?

ಧಾರವಾಡದ ಸಾಧನಕೇರಿಯಿಂದ ಬರೆದ ಅಕ್ಕಾವರೇ,

ಎರಡು ತಿಂಗಳ ಮುಧೋಳ ನಾಯಿಮರಿಗೆ ನಿನ್ನೆಯಿಂದ ಭೇದಿ. ಡಾಕ್ಟರು ಚೀಟಿಯಲ್ಲಿ ‘ಕೊರೊನಾ ಇರಬಹುದು’ ಎಂದು ಬರೆದರು. ಓದಿದ್ದೇ ತಡ, ನಿಮ್ಮ ಅತ್ತೆಯವರು ಮೊಮ್ಮಗನನ್ನು ಎತ್ತಿಕೊಂಡು ಒಳಗೆ ಹೋದರು, ಮರಿ ಹಿತ್ತಲ ಪಾಲಾಯಿತು. ‘ವಾಪಸ್ ಕಳಿಸಬೇಕೇನ್ರಿ?’ ಎಂದು ಕೇಳಿದ್ದೀರಿ.

ಬೇಡ. ಮೊದಲು ಅದನ್ನು ಒಳಗೆ ತನ್ನಿ, ಹಿತ್ತಲಲ್ಲಿ ಥಂಡಿ.

ಕೊರೊನಾ ಒಂದೇ ವೈರಸ್‌ನ ಹೆಸರಲ್ಲ, ಒಂದು ಮನೆತನದ ಹೆಸರು. 2020ರಲ್ಲಿ ನಮ್ಮನ್ನೆಲ್ಲ ಮನೆಯಲ್ಲಿ ಕೂರಿಸಿದ್ದು ಅದರ ಒಂದು ಕವಲು. ಮರಿಗೆ ಭೇದಿ ತರುವುದು ಬೇರೆ ಕವಲು. ಅದನ್ನು 1971ರಲ್ಲೇ ಜರ್ಮನಿಯಲ್ಲಿದ್ದ ಸೈನ್ಯದ ನಾಯಿಗಳಲ್ಲಿ ಗುರುತಿಸಿದ್ದರು. ಕರುಳಿನಲ್ಲಿ ಬೆಳೆದು ಮಲದ ಜೊತೆ ಹೊರಬರುತ್ತದೆ, ಅದನ್ನು ಮೂಸಿ ನೆಕ್ಕಿದ ನಾಯಿಗೆ ಹತ್ತುತ್ತದೆ. ಮನೆ ಮಂದಿಗೆ ಅಂಟುವ ರೋಗ ಅಂತ ಪಶುವೈದ್ಯರು ಇದನ್ನು ಎಣಿಸುವುದಿಲ್ಲ. ಕೋವಿಡ್‌ನ ದಾರಿಯಂತೂ ಹೆಚ್ಚಾಗಿ ಉಲ್ಟಾ: 2020ರಲ್ಲಿ ಹಾಂಗ್‌ಕಾಂಗ್‌ನ ಪಾಮರೇನಿಯನ್‌ ನಾಯಿಗೆ ಸೋಂಕು ಬಂದದ್ದು ಸಾಕಿದವರಿಂದ! ಮಗನ ಚಿಂತೆಯಿದ್ದರೆ ಮರಿಗೆ ಜಂತುಹುಳದ ಔಷಧ ಹಾಕಿಸಿ. ಆ ಹುಳ ಮಕ್ಕಳಿಗೂ ಬರುತ್ತದೆ.

ನನಗೆ ಭಯ ಇರುವುದು ಪಾರ್ವೊದ್ದು, ಅದು ನಾಯಿಮರಿಗಳಿಗೆ ವಾಂತಿ-ಭೇದಿ ತರುವ ಇನ್ನೊಂದು ವೈರಸ್. ಬರೀ ಕೊರೊನಾ ಆದರೆ ಮರಿ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಎರಡೂ ಒಟ್ಟಿಗೆ ಬಂದರೆ ಉಳಿಸುವುದು ಕಷ್ಟ. ಭೇದಿಯಲ್ಲಿ ರಕ್ತ, ನಿಲ್ಲದ ವಾಂತಿ, ತಿನ್ನಲು ಒಲ್ಲೆ ಅನ್ನುವುದು ಕಂಡರೆ ತಕ್ಷಣ ಹೊರಡಿ. ಇನ್ನೊಂದು ನೋಡಿ. ಮರಿಯ ಒಸಡಿನ ಮೇಲೆ ಬೆರಳಿಡಿ. ಜಾರಬೇಕು. ಒಣಗಿ ಅಂಟಿದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ. ಹೆಗಲ ಮೇಲಿನ ಚರ್ಮ ಹಿಡಿದೆತ್ತಿ ಬಿಡಿ. ಮಡಿಕೆ ಹಾಗೇ ನಿಂತರೆ ಸಲೈನ್ ಬೇಕು, ಸಂಜೆವರೆಗೆ ಕಾಯಬೇಡಿ.

ಹಾಲು ಸದ್ಯ ನಿಲ್ಲಿಸಿ, ಮೆತ್ತಗೆ ಬೆಂದ ಅನ್ನ ಸ್ವಲ್ಪ ಸ್ವಲ್ಪವೇ ಕೊಡಿ. ನಮ್ಮ ಭೇದಿ ಗುಳಿಗೆ ಮಾತ್ರ ಬೇಡ. ಒಮ್ಮೆ ಅರ್ಧ ಮುರಿದು ತಿನ್ನಿಸಿ ಡಾಕ್ಟರರಿಂದ ಚೆನ್ನಾಗಿ ಬೈಸಿಕೊಂಡವನು ನಾನು. ಹೇಸಿಗೆ ತೆಗೆದು, ಆ ಜಾಗವನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ತೊಳೆಯಿರಿ. ಕೊರೊನಾ ಸಾಬೂನಿಗೂ ಸಾಯುತ್ತದೆ. ಪಾರ್ವೊ ಹಾಗಲ್ಲ, ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆರಾಮಾಗುವವರೆಗೆ ಕೆರೆ ದಂಡೆಗೆ, ಬೀದಿ ನಾಯಿಗಳ ಹತ್ತಿರ ಬಿಡಬೇಡಿ.

‘ನಾವು ಹಾಕಿಸಿಕೊಂಡ ಕೊರೊನಾ ಲಸಿಕೆ ಇದಕ್ಕೂ ನಡೀತದೇನು’ ಎಂದೂ ಕೇಳಿದ್ದೀರಿ. ಇಲ್ಲ. ನಾಯಿಗಳ ಕೆಲವು ಜೋಡು ಲಸಿಕೆಗಳಲ್ಲಿ ಅವುಗಳದೇ ಕೊರೊನಾ ಲಸಿಕೆ ಇರುತ್ತದೆ, ಆದರೆ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪಾರ್ವೊ ಮತ್ತು ಡಿಸ್ಟೆಂಪರ್ (ನಾಯಿಗಳ ಇನ್ನೊಂದು ಮಾರಕ ವೈರಸ್ ರೋಗ) ಲಸಿಕೆ ತಪ್ಪಬಾರದು. ಒಂದು ಸೂಜಿಗೆ ಮುಗಿಯುವುದಿಲ್ಲ, ಮರಿಗೆ 16 ವಾರ ಆಗುವವರೆಗೆ 3–4 ವಾರಕ್ಕೊಮ್ಮೆ ಹಾಕಿಸಬೇಕು. ಮರಿ ಗೆಲುವಾದ ಮೇಲೆ ಮುಂದಿನ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಂಡೇ ಬನ್ನಿ.

– ಸಂಪಾದಕ