ಟ್ಯೂಬ್‌ಲೆಸ್ ರೋಡ್ ಸೈಕಲ್ ಪಂಚರ್ ಆದ್ರೆ ಸ್ಕೂಟರ್ ಪಂಚರ್ ಅಂಗಡಿಯಲ್ಲಿ ಪ್ಲಗ್ ಹಾಕಿಸ್ಬಹುದಾ?

ಹಾಕಿಸ್ಬೇಡಿ. ದಯವಿಟ್ಟು ಹಾಕಿಸ್ಬೇಡಿ. ನೀವು ಬರ್ದದ್ದು ಓದುವಾಗ ನನ್ನದೇ ಕಥೆ ಓದಿದ ಹಾಗಾಯ್ತು. 28 ಎಂಎಂ ಟಯರ್, ಒಳಗೆ ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ಉಂಟು, ಆದ್ರೂ ಗಾಳಿ ನಿಲ್ಲುದಿಲ್ಲ, ಮನೆ ಹತ್ರವೇ ಪಂಚರ್ ಅಂಗಡಿ ಉಂಟು, ಸ್ಕೂಟರಿಗೆ ಹಾಕುವ ಪ್ಲಗ್ಗನ್ನೇ ಇದಕ್ಕೂ ಹಾಕಿಸಿದ್ರೆ ಎಂತ, ಇಲ್ಲದಿದ್ರೆ ಈ ಟ್ಯೂಬ್‌ಲೆಸ್ಸೇ ಬೇಡ ವಾಪಸ್ ಟ್ಯೂಬಿಗೆ ಹೋಗುವಾ ಅಂತ. ನಾನೂ ಥೇಟ್ ಹೀಗೇ ಯೋಚನೆ ಮಾಡಿದವ.

ನಂದು ಆದದ್ದು ಎನ್‌ಎಚ್ 66ರಲ್ಲಿ, ಮಂಗಳೂರಿಂದ ಉಡುಪಿಗೆ ಹೋಗ್ತಾ. ಆ ಹೈವೇಯಲ್ಲಿ ಸೈಕಲ್‌ನವರಿಗೆ ಸಿಗುದು ಬದಿ ಮಾತ್ರ, ಬದಿಯಲ್ಲಿ ಇರುದು ಜಲ್ಲಿ, ಬಾಟ್ಲಿ ಗಾಜು, ಮತ್ತೆ ಲಾರಿ ಟಯರ್ ಒಡೆದು ಬಿದ್ದ ತುಂಡುಗಳು. ಗಾಜಿಗಿಂತ ನನಗೆ ಹೆದರಿಕೆ ಆ ಟಯರ್ ತುಂಡಿನ ಒಳಗಿರುವ ಸ್ಟೀಲ್ ತಂತಿದ್ದು, ಎಷ್ಟು ಸಪೂರ ಅಂದ್ರೆ ರಸ್ತೆ ಮೇಲೆ ಬಿದ್ದಿದ್ರೆ ಕಣ್ಣಿಗೇ ಕಾಣುದಿಲ್ಲ. ಮುಲ್ಕಿ ಸಂಕ ದಾಟಿ ಹೆಜಮಾಡಿ ಕಳೆದ ಮೇಲೆ ಹಿಂದಿನ ಚಕ್ರದಿಂದ ಸುಯ್ಯ್ ಅಂತ ಶಬ್ದ. ಇಳಿದು ನೋಡಿದ್ರೆ ಅದೇ ತಂತಿ. ಎಳೆದ ಕೂಡ್ಲೆ ತೂತಿನ ಬಾಯಲ್ಲಿ ಒಂದು ಬಿಳಿ ಗುಳ್ಳೆ ಬಂತು, ಒಡೆಯಿತು, ಆಮೇಲೆ ಬರೀ ಗಾಳಿ. ಸೀಲೆಂಟ್ ಒಳಗೆ ಇದ್ದದ್ದು ಹೌದು, ಆದ್ರೆ ಮುಕ್ಕಾಲು ಪಾಲು ಒಣಗಿ ಟಯರಿಗೆ ಅಂಟಿಕೊಂಡಿತ್ತು ಅಂತ ಮನೆಗೆ ಬಂದು ಟಯರ್ ಬಿಚ್ಚಿದಾಗ ಗೊತ್ತಾದದ್ದು.

ಸ್ವಲ್ಪ ದೂರ ತಳ್ಳಿಕೊಂಡು ಹೋದ್ರೆ ಒಂದು ಪಂಚರ್ ಅಂಗಡಿ. ಅಲ್ಲಿದ್ದವರು ಒಳ್ಳೆ ಅನುಭವದವರು, ಟಯರನ್ನು ಬೆರಳಲ್ಲಿ ಒತ್ತಿ ನೋಡಿ "ಇದು ತುಂಬಾ ಸಪೂರ ಉಂಟಲ್ಲ ಮಾರಾಯ್ರೇ, ಇದಕ್ಕೆ ಸೂಜಿ ಹಾಕಿದ್ರೆ ಆಗ್ತದಾ?" ಅಂತ ಕೇಳಿದ್ರು. "ಇದೂ ಟ್ಯೂಬ್‌ಲೆಸ್ಸೇ ಅಣ್ಣ, ಹಾಕಿ" ಅಂತ ಹೇಳಿದ್ದು ನಾನು. ತಪ್ಪು ಅವರದ್ದಲ್ಲ, ನಂದೇ, ಮತ್ತೆ ಆ ತಪ್ಪು ಎಂತ ಅಂತ ನಾನು ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ನೀವು ಕೇಳಿದ್ದಕ್ಕೆ ಉತ್ತರ ಪೂರ್ತಿ ಅದರಲ್ಲೇ ಉಂಟು.

ಸ್ಕೂಟರ್ ಟಯರಿಗೆ ಪ್ಲಗ್ ಹಾಕುವ ಮೊದಲು ಒಂದು ಸೂಜಿ ತೂರಿಸ್ತಾರೆ ನೋಡಿ, ಟಿ ಆಕಾರದ ಹಿಡಿ, ಮೈಯೆಲ್ಲ ಅರದ ಹಲ್ಲು. ಅದನ್ನು ತೂತಿಗೆ ಹಾಕಿ ನಾಲ್ಕು ಸಲ ಮೇಲೆ ಕೆಳಗೆ ತಿಕ್ಕುದು, ತೂತು ದೊಡ್ಡದಾಗಿ ಒರಟಾದ್ರೆ ಪ್ಲಗ್, ಅಂದ್ರೆ ಆ ದಪ್ಪ ಅಂಟು ಬತ್ತಿ, ಒಳಗೆ ಕಚ್ಚಿಕೊಳ್ತದೆ ಅಂತ. ಸ್ಕೂಟರಲ್ಲಿ ಇದು ನಡೀತದೆ. ಅಲ್ಲಿ ರಬ್ಬರೇ ಅಷ್ಟು ದಪ್ಪ, ಬತ್ತಿಗೆ ಹಿಡ್ಕೊಳ್ಳಿಕ್ಕೆ ಜಾಗ ಉಂಟು, ಗಾಳಿಯೂ 25-35 ಪಿಎಸ್ಐ ಅಷ್ಟೆ. ರೋಡ್ ಸೈಕಲ್ ಟಯರ್ ಹಾಗಲ್ಲ. ಮೇಲಿನ ರಬ್ಬರ್ ಎರಡು ಮೂರು ಎಂಎಂ, ಅದರ ಅಡಿಯಲ್ಲಿ ನೈಲಾನ್ ನೂಲಿನ ಪದರ. 60-70 ಪಿಎಸ್ಐ ಗಾಳಿಯನ್ನು ತಡೆದು ಹಿಡಿಯುದು ರಬ್ಬರ್ ಅಲ್ಲ, ಆ ನೂಲು. ತಂತಿ ಹೊಕ್ಕಾಗ ನೂಲು ಪಕ್ಕಕ್ಕೆ ಸರಿದಿರ್ತದೆ, ಹೆಚ್ಚಂದ್ರೆ ಒಂದೆರಡು ಕಡಿದಿರ್ತದೆ, ಆ ತೂತು ಒಂದು ಎಂಎಂ ಕೂಡ ಇರುದಿಲ್ಲ. ಅರದ ಸೂಜಿ ಹೋದ್ರೆ ಸುತ್ತಲಿನ ನೂಲೆಲ್ಲ ಕಡೀತದೆ, ತೂತು ಐದಾರು ಎಂಎಂ ಆಗ್ತದೆ, ಮತ್ತೆ ಗಾಳಿ ತುಂಬಿಸಿದ ಹಾಗೆಲ್ಲ ಅದು ಬಾಯಿ ಬಿಡ್ತಾ ಹೋಗ್ತದೆ, ಯಾಕಂದ್ರೆ ಅದನ್ನು ಕಟ್ಟಿ ಹಿಡಿಯುವ ನೂಲೇ ಅಲ್ಲಿ ಇಲ್ಲ.

ನಂದೂ ಹಾಗೇ ಆದದ್ದು. 40ರ ತನಕ ನಿಂತಿತು, ನನಗೆ ಖುಷಿಯೋ ಖುಷಿ, "ಇನ್ನೂ ಹಾಕಿ ಅಣ್ಣ" ಅಂದೆ, 70 ಹತ್ರ ಬರುವಾಗ ಬತ್ತಿ ಪಟ್ ಅಂತ ಹೊರಗೆ ಹಾರಿತು, ಇದ್ದಬದ್ದ ಸೀಲೆಂಟೆಲ್ಲ ನನ್ನ ಕಾಲಿನ ಮೇಲೆ. ಎರಡು ಬತ್ತಿ ಒಟ್ಟಿಗೆ ಹಾಕಿ ನೋಡಿದೆವು, ಆಗ ತೂತು ಸೀಳಾಯ್ತು, ಹಳೇ ಬೈರಾಸಿನ ಅಂಚಿನ ಹಾಗೆ ನೂಲೆಲ್ಲ ಹೊರಗೆ ಬಂತು. ಆ ಟಯರ್ ಮತ್ತೆ ಯಾವ ರಿಪೇರಿಗೂ ಒಗ್ಗಲಿಲ್ಲ. ಹೊಸ ಟಯರ್, ಸಾವಿರಗಟ್ಲೆ ಖರ್ಚು. ಅವತ್ತು ಮನೆಗೆ ಮುಟ್ಟಿದ್ದು ಫ್ರೆಂಡಿನ ಓಮ್ನಿಯಲ್ಲಿ.

ಅಂದ್ರೆ ಪ್ಲಗ್ಗೇ ಬೇಡ ಅಂತಲ್ಲ. ರೋಡ್ ಟಯರಿಗೆ ಅಂತಲೇ 1.5 ಎಂಎಂ ಆಸುಪಾಸಿನ ಸಪೂರ ಪ್ಲಗ್ ಬರ್ತದೆ, ಒಂದು ಸಣ್ಣ ಫೋರ್ಕಿನ ತುದಿಗೆ ಸಿಕ್ಕಿಸಿ ಸೀದಾ ಚುಚ್ಚುದು, ತಿರುಪದೆ ಎಳೆಯುದು, ಫೋರ್ಕ್ ಮಾತ್ರ ಹೊರಗೆ ಬರ್ತದೆ. ಮುಳ್ಳು ತಂತಿ ಎಂತ ಇದ್ರೂ ಪ್ಲಗ್ ಕೈಯಲ್ಲಿ ರೆಡಿ ಇಟ್ಟುಕೊಂಡೇ ಎಳೆಯಿರಿ. ತೂತನ್ನು ತಿಕ್ಕಿ ದೊಡ್ಡ ಮಾಡುವ ಕೆಲಸವೇ ಇಲ್ಲ. ಸಣ್ಣ ತೂತಾದ್ರೆ ಅದೂ ಬೇಡ, ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಒತ್ತಡ ಜಾಸ್ತಿ ಇರುವಾಗ ಸೀಲೆಂಟ್ ತೂತಲ್ಲಿ ನಿಲ್ಲುದೇ ಇಲ್ಲ, ಹೊರಗೆ ಚಿಮ್ಮಿ ಹೋಗ್ತದೆ, ಗಾಳಿ 30-40ಕ್ಕೆ ಇಳಿದ ಮೇಲೆ ಹೆಪ್ಪುಗಟ್ಟಿ ಕೂರ್ತದೆ. ಆಮೇಲೆ ಹ್ಯಾಂಡ್ ಪಂಪಲ್ಲಿ 50ರ ತನಕ ಮಾತ್ರ ತುಂಬಿಸಿ ನಿಧಾನ ಮನೆಗೆ ಬನ್ನಿ. ಟಯರಿಗೆ ಗ್ಯಾಸ್ ತುಂಬಿಸುವ ಸಣ್ಣ ಸಿಒ2 ಕಾರ್ಟ್ರಿಜ್ ನಾನು ಇಡುದಿಲ್ಲ, ಕೆಲವು ಲ್ಯಾಟೆಕ್ಸ್ ಸೀಲೆಂಟ್ ಅದಕ್ಕೆ ಗಟ್ಟಿಯಾಗಿ ಉಂಡೆಗಟ್ತದೆ.

ಆದ್ರೆ ಇದೆಲ್ಲ ಮನೆ ಮುಟ್ಲಿಕ್ಕೆ ಮಾತ್ರ, ರಿಪೇರಿ ಅಂತ ನಾನು ಹೇಳುದು ಒಳಗಿಂದ ಪ್ಯಾಚ್ ಹಾಕುದಕ್ಕೆ. ಟಯರ್ ಬಿಚ್ಚಿ, ತೂತಿನ ಸುತ್ತ ಸೀಲೆಂಟ್ ಪೂರ್ತಿ ತೆಗೀರಿ, ಪೂರ್ತಿ ಅಂದ್ರೆ ಪೂರ್ತಿ, ಉಗುರಲ್ಲಿ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸ್ಪಿರಿಟ್ ಹಚ್ಚಿ ಒರೆಸಿ, ಯಾಕಂದ್ರೆ ಪ್ಯಾಚ್ ಎದ್ದು ಬರುದು ಹೆಚ್ಚಾಗಿ ಈ ಸೀಲೆಂಟ್ ಉಳಿದದ್ದರಿಂದಲೇ. ಸ್ಯಾಂಡ್ ಪೇಪರಲ್ಲಿ ಮೆಲ್ಲ ಉಜ್ಜಿ, ಹೊಳಪು ಹೋದ್ರೆ ಸಾಕು, ನೂಲು ಕಾಣುವಷ್ಟು ಉಜ್ಜಬೇಡಿ. ಸೊಲ್ಯೂಷನ್ (ಪಂಚರ್ ಅಂಟು) ತೆಳ್ಳಗೆ ಹಚ್ಚಿ ಐದು ನಿಮಿಷ ಬಿಡಿ, ಮಳೆಗಾಲದಲ್ಲಿ ನಾನು ಇನ್ನೂ ಜಾಸ್ತಿ ಬಿಡ್ತೇನೆ. ಹೆಚ್ಚಿನವರು ಹಸಿ ಇರುವಾಗಲೇ ಪ್ಯಾಚ್ ಒತ್ತುದು, ಅದು ಹಿಡಿಯುದಿಲ್ಲ. ಒತ್ತಿದ ಮೇಲೆ ಒಂದು ರಾತ್ರಿ ಬಿಟ್ಟು ಮಾರನೇ ದಿನ ಟಯರ್ ಹಾಕಿ. ಅಂಟು ಮೊದಲೇ ಇರುವ ಸ್ಟಿಕರ್ ಪ್ಯಾಚ್ ಇದಕ್ಕೆ ಆಗುದಿಲ್ಲ.

ಟಯರ್ ವಾಪಸ್ ಕೂರಿಸುವಾಗ ಮಾತ್ರ ಆ ಪಂಚರ್ ಅಂಗಡಿಯ ಕಂಪ್ರೆಸರ್ ಉಪಯೋಗಕ್ಕೆ ಬರ್ತದೆ. ಪ್ರೆಸ್ಟಾ ವಾಲಿಗೆ (ರೋಡ್ ಸೈಕಲಿನ ಸಪೂರ ವಾಲ್) ಹಾಕುವ ಹಿತ್ತಾಳೆ ಅಡಾಪ್ಟರ್ ಒಂದು ಜೇಬಲ್ಲಿ ಇಟ್ಕೊಳ್ಳಿ, ಟಯರಿನ ಎರಡೂ ಅಂಚು ಟಪ್ ಟಪ್ ಅಂತ ಕೂತ ಕೂಡ್ಲೆ ನಿಲ್ಲಿಸ್ಲಿಕ್ಕೆ ಹೇಳಿ. ನಿಮ್ಮ ರಿಮ್ ಹುಕ್‌ಲೆಸ್ (ಟಯರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆದ್ರೆ 5 ಬಾರ್ ಅಂದ್ರೆ 72.5 ಪಿಎಸ್ಐ ದಾಟ್ಲೇಬಾರ್ದು, ಮೀರಿದ್ರೆ ಟಯರ್ ರಿಮ್ಮಿಂದ ಹಾರ್ಲಿಕ್ಕೂ ಸಾಕು, ಅಷ್ಟು ಏರಿಸ್ಲಿಕ್ಕೆ ಕಂಪ್ರೆಸರಿಗೆ ಹೆಚ್ಚು ಹೊತ್ತೂ ಬೇಡ.

ಇನ್ನು ಟ್ಯೂಬಿಗೆ ವಾಪಸ್ ಹೋಗುವ ವಿಷಯ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಸಮಸ್ಯೆ ಟ್ಯೂಬ್‌ಲೆಸ್ ಅಲ್ಲವೇ ಅಲ್ಲ. ಸೀಲೆಂಟ್ ಉಂಟು ಅಂತ ಬರ್ದಿದ್ದೀರಿ, ಹಾಕಿ ಎಷ್ಟು ತಿಂಗಳಾಯ್ತು ಅಂತ ಬರೀಲಿಲ್ಲ. ನಮ್ಮ ಊರಿನ ಸೆಕೆಗೆ ಅದು ಎರಡು ಮೂರು ತಿಂಗಳಲ್ಲಿ ಒಣಗ್ತದೆ, ಮಾರ್ಚ್ ಏಪ್ರಿಲಲ್ಲಿ ಇನ್ನೂ ಬೇಗ. ವಾಲಿನ ಕೋರ್ (ಒಳಗಿನ ಪಿನ್) ತೆಗೆದು ಸಪೂರ ಕಡ್ಡಿ ಇಳಿಸಿ ನೋಡಿ, ಒದ್ದೆಯಾಗಿ ಬರದಿದ್ರೆ 30 ಎಂಎಲ್‌ನಷ್ಟು ಹೊಸತು ಹಾಕಿ. ಇದನ್ನು ಮಾಡ್ಲಿಕ್ಕೆ ಪುರುಸೊತ್ತಿಲ್ಲ ಅಂತಾದ್ರೆ ಮಾತ್ರ ಟ್ಯೂಬಿಗೆ ಹೋಗಿ, ಅದರಲ್ಲಿ ನಾಚಿಕೆ ಪಡುವಂಥದ್ದು ಎಂತದೂ ಇಲ್ಲ.

ಟ್ಯೂಬ್‌ಲೆಸ್ಸಲ್ಲೇ ಇದ್ರೂ ಒಂದು ಟ್ಯೂಬ್ ಬ್ಯಾಗಲ್ಲಿ ಇರ್ಲಿ, ಒಟ್ಟಿಗೆ ಒಂದು ಸಣ್ಣ ಇಕ್ಕಳ ಕೂಡ. ಟ್ಯೂಬ್ ಹಾಕ್ಬೇಕಾದ್ರೆ ಟ್ಯೂಬ್‌ಲೆಸ್ ವಾಲ್ ಬಿಚ್ಚಬೇಕು, ಅದರ ನಟ್ಟು ನಮ್ಮ ಕಡಲ ಬದಿಯ ಉಪ್ಪು ಗಾಳಿಗೆ ಹಿಡಿದು ಕೂತಿರ್ತದೆ, ಬೆರಳಿಗೆ ಬರುದಿಲ್ಲ. ಹಾಕುವ ಮೊದಲು ಟಯರ್ ಒಳಗೆ ಸುತ್ತ ಬಟ್ಟೆ ಆಡಿಸಿ, ಸೀಲೆಂಟ್ ಮುಚ್ಚಿಟ್ಟ ಹಳೇ ಮುಳ್ಳುಗಳು ಅಲ್ಲೇ ಇರ್ತವೆ, ಒಂದು ಉಳಿದ್ರೂ ಹೊಸ ಟ್ಯೂಬ್ ಹೋಯ್ತು.

ನಿಮ್ಮ ತೂತು ಟಯರಿನ ಮೇಲೆ, ಅಂದ್ರೆ ರಸ್ತೆಗೆ ತಾಗುವ ಕಡೆ ಉಂಟಾ, ಇಲ್ಲ ಬದಿಯಲ್ಲಿ ಉಂಟಾ? ಬದಿಗೆ ಸೀಳಿದ್ರೆ ಪ್ಯಾಚೂ ಬೇಡ, ಒಳಗಿಂದ ಹಳೇ ಟಯರಿನ ತುಂಡು ಇಟ್ಟು ಟ್ಯೂಬ್ ಹಾಕಿ ಮನೆಗೆ ಬಂದು ಟಯರ್ ಬದಲಾಯಿಸಿ. ಮೇಲೆ ಇದ್ದು ಮೂರು ಎಂಎಂ ಒಳಗಿದ್ರೆ ಟಯರ್ ಉಳೀತದೆ, ಫೋಟೋ ಹಾಕಿ, ನೋಡಿ ಹೇಳ್ತೇನೆ.