ರ‍್ಯಾಂಪ್ ಇದೆ, ಹತ್ತುವುದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಪಟ್ಟಣ. ನನ್ನ ಪತ್ನಿ ಗಾಲಿಕುರ್ಚಿ ಬಳಸುತ್ತಾರೆ. ಪುರಸಭೆ ಕಚೇರಿಯ ರ‍್ಯಾಂಪ್ ಮೇಲೆ ಅವರನ್ನು ತಳ್ಳಿಕೊಂಡು ಹೋಗಲು ಇಬ್ಬರು ಬೇಕು. ದೂರಿದರೆ ‘ರ‍್ಯಾಂಪ್ ಮಾಡಿಸಿದ್ದೇವಲ್ಲ, ಇನ್ನು ಅನುದಾನವಿಲ್ಲ’ ಎನ್ನುತ್ತಾರೆ. ಕಾನೂನು ಏನು ಹೇಳುತ್ತದೆ? ಯಾರನ್ನು ಕೇಳಬೇಕು?
– ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಮೊದಲು ಟೇಪು ಹಿಡಿದು ಆ ರ‍್ಯಾಂಪನ್ನು ಅಳೆಯಿರಿ. ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದದ ಇಳಿಜಾರು ಇರಬೇಕೆಂಬುದು ಒಪ್ಪಿತ ಮಾನದಂಡ. ಆರಾರು ಇಂಚಿನ ಮೂರು ಮೆಟ್ಟಿಲುಗಳಿದ್ದರೆ ಎತ್ತರ ಒಂದೂವರೆ ಅಡಿಯಾಗುತ್ತದೆ, ಅದಕ್ಕೆ 18 ಅಡಿ ಉದ್ದ ಬೇಕು. ನಮ್ಮ ಬಹುತೇಕ ಕಚೇರಿಗಳಲ್ಲಿ ಮೆಟ್ಟಿಲ ಪಕ್ಕ ಉಳಿದ ಐದಾರು ಅಡಿ ಜಾಗದಲ್ಲೇ ಕಾಂಕ್ರೀಟ್ ಸುರಿದು, ಮೇಲೆ ನುಣುಪಾದ ಗ್ರಾನೈಟ್ ಹಾಸಿ, ಕೆಲಸ ಮುಗಿಯಿತೆಂದು ಬಿಲ್ ಬರೆಯುತ್ತಾರೆ. ಅಂಥದ್ದು ಸಾಮಾನು ಇಳಿಸುವುದಕ್ಕಾದೀತು, ಮನುಷ್ಯರು ಹತ್ತುವುದಕ್ಕಲ್ಲ. ಅಗಲ ನಾಲ್ಕು ಅಡಿ ಇದೆಯೇ, ಎರಡೂ ಬದಿ ಹಿಡಿಕಂಬಿ ಇದೆಯೇ, ತುದಿಯಲ್ಲಿ ಹೊಸ್ತಿಲು ಅಡ್ಡ ಬರುತ್ತದೆಯೇ ಎಂಬುದನ್ನೂ ಗುರುತು ಹಾಕಿಕೊಂಡು ಫೋಟೊ ತೆಗೆದಿಡಿ. ಅರ್ಜಿಯಲ್ಲಿ ‘ತೊಂದರೆಯಾಗುತ್ತಿದೆ’ ಎಂದು ಬರೆಯುವುದಕ್ಕಿಂತ ಈ ಅಳತೆಗಳನ್ನು ಬರೆದರೆ ಎಂಜಿನಿಯರ್ ಉತ್ತರ ಕೊಡಲೇಬೇಕಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ, ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರೂ ಬಳಸುವಂತೆ ಮಾರ್ಪಡಿಸಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ, ಹಾಗಾಗಿ ಆ ಗಡುವು 2022ಕ್ಕೇ ಮುಗಿದಿದೆ. ಈ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ.

ಇನ್ನು ಅನುದಾನದ ಮಾತು. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗಾಗಿ ಶೇ 5ರಷ್ಟು ಹಣ ಮೀಸಲಿಡಬೇಕು. ಆ ಹಣದ ಕ್ರಿಯಾಯೋಜನೆಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಕೇಳಿ ಪಡೆಯಿರಿ. ಅದರಲ್ಲಿ ತ್ರಿಚಕ್ರ ವಾಹನ ವಿತರಣೆಯೇ ಹೆಚ್ಚಾಗಿ ಕಂಡರೆ ಆಶ್ಚರ್ಯಪಡಬೇಡಿ. ವಿತರಣೆಗೆ ಸಮಾರಂಭವುಂಟು, ಚರಂಡಿಯ ಚಪ್ಪಡಿ ಸರಿಪಡಿಸುವುದಕ್ಕೆ ಯಾರೂ ಶಾಮಿಯಾನ ಹಾಕಿಸುವುದಿಲ್ಲ.

ಲಿಖಿತ ಅರ್ಜಿಯನ್ನು ಮುಖ್ಯಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೂ ಒಂದು ಪ್ರತಿ ಕಳುಹಿಸಿ. ಕೆಲಸವಾಗದಿದ್ದರೆ ಬೆಂಗಳೂರಿನಲ್ಲಿರುವ, ಈ ಕಾಯ್ದೆಯಡಿಯ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಸಲ್ಲಿಸಬಹುದು. ಅವರು ಶಿಫಾರಸು ಮಾಡಿದರೆ ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ಕ್ರಮದ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು.

ಅರ್ಜಿಯಲ್ಲಿ ಇನ್ನೊಂದು ಬೇಡಿಕೆಯನ್ನೂ ಸೇರಿಸಿ ಎಂಬುದು ನನ್ನ ಸಲಹೆ. ಊರೆಲ್ಲ ಅಲ್ಲೊಂದು ಇಲ್ಲೊಂದು ರ‍್ಯಾಂಪ್ ಕಟ್ಟುವ ಬದಲು, ಬಸ್ ನಿಲ್ದಾಣದಿಂದ ಸರ್ಕಾರಿ ಆಸ್ಪತ್ರೆಯವರೆಗಿನ ಒಂದೇ ಒಂದು ದಾರಿಯನ್ನು, ಶೌಚಾಲಯವೂ ಸೇರಿದಂತೆ, ಪೂರ್ತಿಯಾಗಿ ಸರಿಪಡಿಸಲಿ. ಚಪ್ಪಡಿಗಳ ನಡುವೆ ಎರಡು ಬೆರಳಿನಷ್ಟು ಸಂದು ಇದ್ದರೂ ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಕುಳಿತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಣ್ಣು ಕಾಣದವರಿಗೆಂದು ಹಾಕಿದ ಉಬ್ಬು ಗೆರೆಗಳ ಹಳದಿ ಟೈಲ್ಸ್ ವಿದ್ಯುತ್ ಕಂಬದ ಬುಡಕ್ಕೆ ಹೋಗಿ ನಿಲ್ಲುವುದೂ ಉಂಟು. ದಾರಿಯ ಒಂದು ಕಡೆ ಇಂಥ ಅಡ್ಡಿಯಿದ್ದರೂ ಉಳಿದ ಖರ್ಚೆಲ್ಲ ವ್ಯರ್ಥ.

ಪ್ರಶ್ನೆ: ನನ್ನ ಕಿರಾಣಿ ಅಂಗಡಿಗೆ ಒಂದೇ ಮೆಟ್ಟಿಲು. ನಾನೂ ರ‍್ಯಾಂಪ್ ಹಾಕಿಸಬೇಕೆ?
– ವ್ಯಾಪಾರಿ, ಶಿವಮೊಗ್ಗ ಜಿಲ್ಲೆ

ಉತ್ತರ: ಖಾಸಗಿ ಸೇವೆಗಳಿಗೂ ಕಾಯ್ದೆ ಅನ್ವಯಿಸುತ್ತದೆ. ಆದರೆ ರ‍್ಯಾಂಪನ್ನು ಫುಟ್‌ಪಾತ್ ಮೇಲೆ ಚಾಚಿದರೆ ನಡೆಯುವವರಿಗೆ ನೀವೇ ಅಡ್ಡಿಯಾದಂತೆ. ಜಾಗವಿದ್ದರೆ ಹೊಸ್ತಿಲಿನ ಒಳಗಡೆಯೇ ನೆಲವನ್ನು ಇಳಿಜಾರು ಮಾಡಿಸಿ. ಆರು ಇಂಚಿಗೆ ಆರು ಅಡಿ ಬೇಕಾಗುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ಬೇಕಾದಾಗ ಇಟ್ಟು ತೆಗೆಯುವ, ಅಷ್ಟೇ ಉದ್ದದ, ಜಾರದಂತೆ ಗೀರು ಹಾಕಿದ ಕಬ್ಬಿಣದ ಹಲಗೆಯನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಬಾಗಿಲ ಮುಂದೆ ಬೈಕ್ ನಿಲ್ಲಿಸದಂತೆಯೂ ನೋಡಿಕೊಳ್ಳಿ.